ಹತ್ತೂವರೆ ಗಂಟೆ

ನಮ್ಮ ಕಾಫಿ ಕಣದ ಪಕ್ಕ ಒಂದು ಹಲಸಿನ ಮರ ಇದೆ. ಅದರ ಕೊಂಬೆಗೆ ಮೊಳ ಉದ್ದದ ರೈಲು ಕಂಬಿಯ ತುಂಡು ನೇತು ಹಾಕಿದ್ದಾರೆ. ಕೊಡಗಿನಲ್ಲಿ ರೈಲೇ ಇಲ್ಲ, ಕಂಬಿ ಎಲ್ಲಿಂದ ಬಂತು ಅಂತ ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿದ್ದೆ. ಮಾವನಿಗೂ ಗೊತ್ತಿರಲಿಲ್ಲ. ತೋಟದ ಲೆಕ್ಕ ನೋಡುವ ರೈಟರ್ ದಿನಕ್ಕೆ ನಾಲ್ಕು ಸಲ ಅದಕ್ಕೆ ಸರಳಿನಿಂದ ಬಾರಿಸುತ್ತಾರೆ. ಬೆಳಿಗ್ಗೆ 8ಕ್ಕೆ ಕೆಲಸಕ್ಕೆ, 10.30ಕ್ಕೆ ಟೀಗೆ, 1ಕ್ಕೆ ಊಟಕ್ಕೆ, 4ಕ್ಕೆ ಮನೆಗೆ. ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ. ಅದು ನನಗೂ ಬಾರಿಸುವ ಗಂಟೆ ಅಂತ ಆಗಿದ್ದು ಮಾತ್ರ ಈಚೆಗೆ, ಎರಡು ವರ್ಷದ ಹಿಂದೆ.

ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಹೋಂಸ್ಟೇ. ಮೂರೇ ಕೋಣೆ. ಮಲ್ಲಳ್ಳಿ ಜಲಪಾತ ನೋಡೋಕೆ, ಪುಷ್ಪಗಿರಿ ಹತ್ತೋಕೆ ಬರುವವರು ಉಳಿದುಕೊಳ್ಳುತ್ತಾರೆ. ಅಡುಗೆ ಪೂರ್ತಿ ನನ್ನದೇ. ಅಕ್ಕಿ ರೊಟ್ಟಿ, ಕಡುಬು, ಕೋಳಿ ಸಾರು, ಕಾಚಂಪುಳಿ ಅನ್ನುವ ಕಪ್ಪು ಹುಳಿ ಹಾಕಿದ ಹಂದಿ ಮಾಂಸ, ಮಳೆಗಾಲದಲ್ಲಿ ಕಣಿಲೆ. ಬೆಂಗಳೂರಿನವರು ತಟ್ಟೆ ನೆಕ್ಕುವುದೊಂದು ಬಾಕಿ. "ನಿಮ್ಮ ಕೈರುಚಿ ಅಂದ್ರೆ ಕೈರುಚಿ" ಅಂತ ಬರೆದು ಹೋಗುತ್ತಾರೆ. ಆ ಪುಸ್ತಕ ಇನ್ನೂ ಇದೆ.

ಅವರ್ಯಾರಿಗೂ ಗೊತ್ತಿಲ್ಲದ ವಿಷಯ ಏನೆಂದರೆ, ಆ ಸಾರಿನ ಉಪ್ಪು ನೋಡುತ್ತಿದ್ದದ್ದು ಅತ್ತೆ. ನಾನು ಒಂದು ಹನಿಯೂ ಬಾಯಿಗೆ ಹಾಕುತ್ತಿರಲಿಲ್ಲ. ಬಡಿಸುವವಳು ಆಮೇಲೆ ಉಣ್ಣುತ್ತಾಳೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ "ಆಮೇಲೆ" ಅನ್ನುವುದರೊಳಗೆ ನಾನು ಆರು ವರ್ಷ ಬಚ್ಚಿಟ್ಟುಕೊಂಡಿದ್ದೆ. ಹಗಲೆಲ್ಲ ಉಪವಾಸ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ, ಉಸಿರು ತೆಗೆದುಕೊಳ್ಳದಂತೆ ತಿನ್ನುವುದು. ಆಮೇಲೆ ಅದನ್ನು ಉಳಿಸಿಕೊಳ್ಳದೇ ಇರುವುದು. ಅದರ ವಿವರ ಇಲ್ಲಿ ಬೇಡ. ಆ ಕಾಯಿಲೆ ಇರುವವರು ಇದನ್ನು ಓದುತ್ತಿದ್ದರೆ ಅವರ ತಲೆ ಯಾವುದನ್ನು ಹುಡುಕುತ್ತೆ ಅಂತ ನನಗೆ ಗೊತ್ತು. ನಾನೂ ಹಾಗೆ ಹುಡುಕಿ ಹುಡುಕಿ ಓದಿದವಳೇ.

ಹೇಗೆ ಶುರುವಾಯಿತು ಅಂತ ಕೇಳುತ್ತಾರೆ. ಮಗಳು ಹುಟ್ಟಿದ ಮೇಲೆ ಒಂದು ಮದುವೆ ಮನೆಯಲ್ಲಿ ಸಂಬಂಧದ ಹೆಂಗಸೊಬ್ಬರು, "ಏನೇ, ಹೋಂಸ್ಟೇ ಊಟ ಎಲ್ಲಾ ನಿನ್ನ ಮೈಗೇ ಹೋಗ್ತಿದೆಯಲ್ಲ" ಅಂದಿದ್ದರು. ಅದರಿಂದಲೇ ಕಾಯಿಲೆ ಬಂತು ಅಂದರೆ ಸುಳ್ಳಾಗುತ್ತೆ. ಆವತ್ತು ಅವರ ಬಾಯಿಗೆ ಇನ್ನೂ ನಾಲ್ಕು ಜನ ಸಿಕ್ಕಿದ್ದರು. ಅವರೆಲ್ಲ ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ನಾನು ಹಾಕಿಸಿಕೊಳ್ಳಲಿಲ್ಲ, ಅಷ್ಟೇ.

ಸಿಕ್ಕಿಬಿದ್ದಿದ್ದು ಹಲ್ಲಿನ ಡಾಕ್ಟರ ಹತ್ತಿರ. ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತೆ ಅಂತ ಕುಶಾಲನಗರಕ್ಕೆ ಹೋಗಿದ್ದೆ. ಡಾಕ್ಟರಮ್ಮನಿಗೆ ಹೆಚ್ಚು ಕಡಿಮೆ ನನ್ನದೇ ವಯಸ್ಸು. ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿದರು. ಮೇಲಿನ ಮುಂದಿನ ಹಲ್ಲುಗಳ ಹಿಂಭಾಗ ಸವೆದಿದೆ, ಹುಳಿ ಜಾಸ್ತಿ ತಿಂತೀರಾ ಅಂದರು. "ನಮ್ಮ ಕಡೆ ಕಾಚಂಪುಳಿ ಜಾಸ್ತಿ ಅಲ್ವಾ" ಅಂದೆ. ಅವರು ನಗಲಿಲ್ಲ. ಸಹಾಯಕ್ಕಿದ್ದ ಹುಡುಗಿಯನ್ನು ಏನೋ ತರೋಕೆ ಅಂತ ಹೊರಗೆ ಕಳಿಸಿದರು. ಬಾಗಿಲು ಹಾಕಿ, ಸ್ಟೂಲು ಹತ್ತಿರ ಎಳೆದುಕೊಂಡು ಕೇಳಿದರು: "ವಾಂತಿ ಆಗುತ್ತಾ? ಇಲ್ಲಾ ನೀವಾಗೇ ಮಾಡ್ಕೋತೀರಾ?"

ಅಷ್ಟು ನೇರವಾಗಿ ಅದುವರೆಗೆ ಯಾರೂ ಕೇಳಿರಲಿಲ್ಲ. ಅದಕ್ಕೆ ವರ್ಷ ಮೊದಲು ತಲೆ ತಿರುಗಿ ಬಿದ್ದಾಗ ಒಂದು ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿದ್ದರು. "ಊರಿಗೆಲ್ಲಾ ಅಡುಗೆ ಮಾಡಿ ಹಾಕ್ತೀರ, ನೀವೂ ಚೆನ್ನಾಗಿ ತಿನ್ರಮ್ಮಾ" ಅಂತ ಟಾನಿಕ್ ಬರೆದು ಕಳಿಸಿದ್ದರು. ಆ ಮಾತು ಎಷ್ಟು ಅಪಾಯದ್ದು ಅಂತ ಆಮೇಲೆ ಗೊತ್ತಾಯಿತು. ತುಂಬಾ ದಿನ ಸರಿಯಾಗಿ ತಿನ್ನದೇ ಇದ್ದ ಮೈಗೆ ಒಮ್ಮೆಲೇ ಜಾಸ್ತಿ ಊಟ ಹೋದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಎಲ್ಲ ಕುಸಿದು ಜೀವಕ್ಕೇ ತೊಂದರೆ ಆಗಬಹುದಂತೆ. ತೀರಾ ಸೊರಗಿದವರಿಗೆ ಅದಕ್ಕೇ ಆಸ್ಪತ್ರೆಯಲ್ಲಿಟ್ಟು, ರಕ್ತ ನೋಡ್ತಾ ನೋಡ್ತಾ ಊಟ ಏರಿಸುತ್ತಾರೆ.

ಹಲ್ಲಿನ ಡಾಕ್ಟರು ಬೈಯಲಿಲ್ಲ. ಒಂದು ಸಣ್ಣ ವಿಷಯ ಹೇಳಿಕೊಟ್ಟರು. ವಾಂತಿ ಆದ ತಕ್ಷಣ ಬ್ರಷ್ ಮಾಡಬೇಡಿ, ಹೊಟ್ಟೆಯ ಆಮ್ಲದಿಂದ ಹಲ್ಲಿನ ಮೇಲ್ಮೈ ಮೆತ್ತಗಾಗಿರುತ್ತೆ, ಉಜ್ಜಿದರೆ ಇನ್ನೂ ಸವೆಯುತ್ತೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ ಅಂದರು. ನಾನು ಪಾಪ ಕಳೆದುಕೊಳ್ಳುವವಳ ಹಾಗೆ ಪ್ರತಿ ಸಲ ಗಸಗಸ ಉಜ್ಜುತ್ತಿದ್ದೆ. ಆಮೇಲೆ ಮೈಸೂರಿನ ಮನೋವೈದ್ಯರೊಬ್ಬರ ಹೆಸರು ಬರೆದ ಚೀಟಿ ಕೊಟ್ಟರು.

ನಮ್ಮನೆಯವರಿಗೆ ಹೇಳಿದ್ದು ಮೈಸೂರಿಗೆ ಹೋಗುವ ದಾರಿಯಲ್ಲಿ. ಅದುವರೆಗೆ "ಹೊಟ್ಟೆ ನೋವು" ಅಂತ ಅಷ್ಟೇ ಹೇಳಿದ್ದೆ. ಪಿರಿಯಾಪಟ್ಟಣ ದಾಟಿದ ಮೇಲೆ, ರಸ್ತೆ ಪಕ್ಕದ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳನ್ನು ನೋಡುತ್ತಾ, ಅವರ ಮುಖ ನೋಡದೆ ಎಲ್ಲಾ ಹೇಳಿಬಿಟ್ಟೆ. ಕಾರು ಪಕ್ಕಕ್ಕೆ ಹಾಕಿದರು. ತುಂಬಾ ಹೊತ್ತು ಸ್ಟೇರಿಂಗ್ ಹಿಡಿದೇ ಕೂತಿದ್ದರು. ಆಮೇಲೆ ಅಂದರು, "ರಾತ್ರಿ ಪಾತ್ರೆ ಸದ್ದು ಆದಾಗ ಬೆಕ್ಕು ಅಂದ್ಕೊಂಡಿದ್ದೆ."

ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದು ಮನಸ್ಸಿನ ಪರೀಕ್ಷೆ ಅಲ್ಲ, ರಕ್ತ ಮತ್ತು ಇಸಿಜಿ. ಪೊಟ್ಯಾಸಿಯಂ ಕಡಿಮೆ ಇತ್ತು. ಅದು ಇಳಿದರೆ ಹೃದಯದ ಬಡಿತ ತಾಳ ತಪ್ಪಬಹುದು. ಐದು ದಿನ ಇಟ್ಟುಕೊಂಡರು. ಬುಲಿಮಿಯಾ ನರ್ವೋಸಾ ಅಂತ ಹೆಸರು. ಲಂಡನ್ನಿನ ಜೆರಾಲ್ಡ್ ರಸೆಲ್ ಅನ್ನುವ ವೈದ್ಯರು 1979ರಲ್ಲಿ ಇಟ್ಟ ಹೆಸರಂತೆ. ನಮ್ಮನೆಯವರಿಗಿಂತ ಒಂದೆರಡು ವರ್ಷ ದೊಡ್ಡದು ಅಷ್ಟೇ. ಫ್ಲುಯೊಕ್ಸೆಟಿನ್ ಅನ್ನುವ ಮಾತ್ರೆ ಶುರು ಮಾಡಿದರು. ಅದು ಖಿನ್ನತೆಯ ಮಾತ್ರೆ, ಈ ಕಾಯಿಲೆಗೂ ಕೊಡುತ್ತಾರೆ. ನನಗೆ ಆಗಿಬಂತು. ಇದನ್ನು ಓದಿ ಯಾರೂ ಮೆಡಿಕಲ್ ಶಾಪಿಗೆ ಹೋಗಬೇಡಿ, ಅದು ಡಾಕ್ಟರು ನೋಡಿ ಕೊಡಬೇಕಾದ್ದು.

ಅಲ್ಲಿನ ಕೌನ್ಸೆಲರ್ ಮೇಡಂ ಒಂದು ದಿನ ನನ್ನ ಬ್ಯಾಗಿನಲ್ಲಿದ್ದ ನೋಟ್‌ಬುಕ್ ನೋಡಿದರು. ಅಡುಗೆ ಬರೆದಿಟ್ಟ ನೋಟ್‌ಬುಕ್. ಮನೆಯಲ್ಲಿ ಇನ್ನೆರಡು ಇವೆ ಅಂತ ಹೆಮ್ಮೆಯಿಂದ ಹೇಳಿದೆ. ಅವರು ಒಂದು ಕಥೆ ಹೇಳಿದರು. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು ಒಂದು ಪ್ರಯೋಗ ಮಾಡಿದ್ದರು. ಯುದ್ಧಕ್ಕೆ ಹೋಗಲ್ಲ ಅಂದ 36 ಗಂಡಸರು, ಎಲ್ಲರೂ ಗಟ್ಟಿಮುಟ್ಟು, ತಾವಾಗಿ ಒಪ್ಪಿ ಬಂದವರು. ಅವರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ಅವರಿಗೆ ಏನಾಯಿತು ಗೊತ್ತಾ? ಸದಾ ಚಳಿ. ಮಾತೆತ್ತಿದರೆ ಸಿಟ್ಟು. ಕನಸಿನಲ್ಲೂ ಊಟ. ಅಡುಗೆಯ ಕಡೆ ತಿರುಗಿಯೂ ನೋಡದಿದ್ದವರು ಅಡುಗೆ ಪುಸ್ತಕ ಓದೋಕೆ, ರೆಸಿಪಿ ಸೇರಿಸಿಡೋಕೆ ಶುರು ಮಾಡಿದರಂತೆ. ಮತ್ತೆ ಹೊಟ್ಟೆ ತುಂಬಾ ಕೊಟ್ಟಾಗ ಕೆಲವರಿಗೆ ಎಷ್ಟು ತಿಂದರೂ ಸಾಕು ಅನ್ನಿಸುತ್ತಿರಲಿಲ್ಲವಂತೆ.

ನಾನು ನೋಟ್‌ಬುಕ್ ಮುಚ್ಚಿಟ್ಟೆ. ರಾತ್ರಿ ತಿನ್ನೋದು ನನ್ನ ದುರಾಸೆ ಅಲ್ಲ, ಹಸಿದ ಮೈಯ ಕೆಲಸ ಅಂತ ತಿಳಿದು ಒಂದು ಕಡೆ ಸಮಾಧಾನ ಆಯಿತು. ಇನ್ನೊಂದು ಕಡೆ ದುಃಖ ಒತ್ತರಿಸಿ ಬಂತು. ನನ್ನ ಕೈರುಚಿ ಅಂತ ಎಲ್ಲರೂ ಹೊಗಳಿದ್ದು ಹಾಗಾದರೆ ನನ್ನದಾ, ಕಾಯಿಲೆಯದ್ದಾ? ಇದನ್ನು ಮೇಡಂಗೆ ಕೇಳಿದೆ. ನೀವು ಹೊಟ್ಟೆ ತುಂಬಾ ಉಂಡ ಮೇಲೂ ಅಡುಗೆ ಮಾಡಬೇಕು ಅನ್ನಿಸುತ್ತಾ ನೋಡೋಣ ಅಂದರು. ಒಳ್ಳೆ ಉತ್ತರ. ಆದರೆ ಆವತ್ತು ಅದರಿಂದ ಏನೂ ಸಮಾಧಾನ ಆಗಲಿಲ್ಲ.

ಹೊರಡುವಾಗ ಅವರು ಕೊಟ್ಟಿದ್ದು ಒಂದೇ ಒಂದು ಹಾಳೆ. ಅದರಲ್ಲಿ ಆರು ಹೊತ್ತು ಬರೆದಿತ್ತು. ಮೂರು ಊಟ, ಮಧ್ಯೆ ಮೂರು ಸಣ್ಣ ತಿಂಡಿ. ಯಾವ ಎರಡರ ನಡುವೆಯೂ ನಾಲ್ಕು ಗಂಟೆಗಿಂತ ಜಾಸ್ತಿ ಅಂತರ ಬೇಡ. ಹಸಿವಾಗಲಿ ಬಿಡಲಿ. ರಾತ್ರಿ ಜಾಸ್ತಿ ತಿಂದುಬಿಟ್ಟರೂ ಮಾರನೇ ದಿನ ಬೆಳಿಗ್ಗೆಯದ್ದನ್ನು ಬಿಡುವಂತಿಲ್ಲ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸೆಯಲ್ಲಿ ಮೊದಲ ಹಂತದ ಮುಖ್ಯ ಭಾಗ ಇದು ಅಂತೆ. "ನಿಮ್ಮ ಹಸಿವು, ಹೊಟ್ಟೆ ತುಂಬಿದ್ದು ಎರಡೂ ಈಗ ಸುಳ್ಳು ಹೇಳ್ತವೆ. ಸದ್ಯಕ್ಕೆ ಗಡಿಯಾರ ನಂಬಿ" ಅಂದರು.

ಸೆಲ್ಫ್ ಕೇರ್ ಅಂದರೆ ಮುಖಕ್ಕೆ ಏನಾದರೂ ಮೆತ್ತಿಕೊಂಡು ಕಣ್ಣಿನ ಮೇಲೆ ಸೌತೆಕಾಯಿ ಇಟ್ಟುಕೊಳ್ಳೋದು ಅಂದುಕೊಂಡಿದ್ದೆ. ಫೋನಿನಲ್ಲಿ ಹಾಗೇ ಇರುತ್ತಲ್ಲ. ಅದೇನು ಕೆಟ್ಟದ್ದಲ್ಲ, ಭಾನುವಾರ ಎಣ್ಣೆ ಸ್ನಾನ ನನಗೂ ಇಷ್ಟ. ಆದರೆ ಹತ್ತೂವರೆಗೆ ಒಂದು ಬಾಳೆಹಣ್ಣು, ಒಂದು ಹಿಡಿ ನೆಲಗಡಲೆ ತಿನ್ನುವುದರಲ್ಲಿ ಏನು ಆರೈಕೆ? "ನಿಮ್ಮ ಮನೆಗೆ ಬಂದ ಅತಿಥಿ ಹತ್ತೂವರೆಗೆ ಸುಸ್ತಾಗಿ ಕೂತಿದ್ರೆ ಏನ್ ಮಾಡ್ತೀರಿ?" ಅಂತ ಮೇಡಂ ಕೇಳಿದರು. "ಅವರು ದುಡ್ಡು ಕೊಡ್ತಾರೆ ಮೇಡಂ" ಅಂದೆ. ಅವರಿಗೆ ನಗು ತಡೆಯೋಕೆ ಆಗಲಿಲ್ಲ.

ಮನೆಗೆ ಬಂದಾಗ ರೋಬಸ್ಟಾ ಕೊಯ್ಲು ಜೋರಾಗಿ ನಡೆದಿತ್ತು. ಹಾಳೆಯನ್ನು ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬುಲಿಮಿಯಾ ಅಂದರೇನು ಅಂತ ಕೇಳಲಿಲ್ಲ. "ಆರರಲ್ಲಿ ನಾಲ್ಕಕ್ಕೆ ಗಂಟೆ ಹೊಡೆಯುತ್ತಲ್ಲ ಮಗಾ. ಉಳಿದ ಎರಡು ನಾನು ನೋಡ್ಕೋತೀನಿ" ಅಂದರು.

ಹಾಗೆ ಶುರುವಾಯಿತು. ಗಂಟೆ ಬಾರಿಸಿದ ತಕ್ಷಣ ಕೆಲಸದವರು ಕುಕ್ಕೆ ಇಳಿಸಿ ಕಣದ ಅಂಚಿಗೆ ಬರುತ್ತಿದ್ದರು. ನಾನೂ ಅತ್ತೆಯೂ ಜಗಲಿಯಲ್ಲಿ ಕೂರುತ್ತಿದ್ದೆವು. ಮೊದಲ ದಿನ ಒಂದು ಬಾಳೆಹಣ್ಣಿಗೆ ಇಪ್ಪತ್ತು ನಿಮಿಷ. ಸಿಪ್ಪೆ ಸುಲಿದು, ನಾರು ತೆಗೆದು, ಚೂರು ಚೂರು ಮಾಡಿ. ಅತ್ತೆ ಮೊರದಲ್ಲಿ ಕಾಳುಮೆಣಸು ಹಾಕಿಕೊಂಡು ಕಡ್ಡಿ ಆರಿಸುತ್ತಾ, ಅವರ ತವರಿನ ಆಸ್ತಿ ಜಗಳ ಹೇಳುತ್ತಿದ್ದರು. ಮೂವತ್ತು ವರ್ಷದ ಹಳೇ ಜಗಳ. ತಿನ್ನು ಅನ್ನಲಿಲ್ಲ. ನನ್ನ ಕೈಯ ಕಡೆ ನೋಡಲೂ ಇಲ್ಲ. ಹಣ್ಣು ಮುಗಿದರೂ ಎದ್ದು ಹೋಗೋಕೆ ಬಿಡುತ್ತಿರಲಿಲ್ಲ, ಜಗಳ ಇನ್ನೂ ಮುಗಿದಿಲ್ಲವಲ್ಲ. ತಿಂದ ಮೇಲಿನ ಆ ಅರ್ಧ ಗಂಟೆಯೇ ಕಷ್ಟ. ಅದನ್ನು ಯಾರೂ ಹೇಳಿಕೊಡದೆ ಅವರು ಹೇಗೆ ತಿಳಿದುಕೊಂಡರೋ.

ಒಂದು ವಿಷಯಕ್ಕೆ ಮಾತ್ರ ಡಯಟಿಷಿಯನ್ ಜೊತೆ ಜಗಳ ಆಡಿದ್ದೆ. ಬೆಲ್ಲದ ಕಾಫಿ ತಿಂಡಿಯ ಲೆಕ್ಕಕ್ಕೆ ಬರಲ್ಲ ಅಂದರು. ಕಾಫಿ ಬೆಳೆಯುವ ಮನೆಯವಳಿಗೆ ಇದೆಂಥ ಮಾತು! ಆದರೆ ಅವರು ಹೇಳಿದ್ದು ಸರಿ. ನಾನು ಆರು ವರ್ಷ ಹಸಿವಿನ ಬಾಯಿ ಮುಚ್ಚಿಸಿದ್ದೇ ಕಾಫಿಯಿಂದ. ಈಗ ತಿಂಡಿ ಆದ ಮೇಲೆ ಕಾಫಿ. ಮೊದಲಲ್ಲ.

ಮೊದಲ ವಾರಗಳ ಬಗ್ಗೆ ಯಾರೂ ಸರಿಯಾಗಿ ಹೇಳಿರುವುದಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ವಾಂತಿ ನಿಲ್ಲಿಸಿದರೆ ಮೈ ತಕ್ಷಣ ಹಗುರ ಆಗಲ್ಲ. ಉಲ್ಟಾ. ಪಾದ ಊದುತ್ತೆ, ನೀರು ತುಂಬಿಕೊಳ್ಳುತ್ತೆ. ಕಿವಿ ಕೆಳಗಿನ ಜೊಲ್ಲಿನ ಗ್ರಂಥಿ ಊದಿ ಕೆನ್ನೆ ದುಂಡಗೆ ಕಾಣುತ್ತೆ. ಎರಡು ತುತ್ತಿಗೇ ಹೊಟ್ಟೆ ಕಲ್ಲು, ಯಾಕೆಂದರೆ ಜಠರ ಖಾಲಿಯಾಗೋದು ನಿಧಾನ ಆಗಿರುತ್ತೆ. ಕನ್ನಡಿಯಲ್ಲಿ ನೋಡಿಕೊಂಡರೆ ಯಾವುದಕ್ಕೆ ಹೆದರಿ ಇಷ್ಟೆಲ್ಲ ಮಾಡಿದೆಯೋ ಅದೇ ಆಗಿಹೋಯಿತು ಅನ್ನಿಸುತ್ತೆ. ಬಹಳ ಜನ ಬಿಟ್ಟುಬಿಡುವುದು ಇಲ್ಲೇ ಇರಬೇಕು. ಇದು ಕೆಲವು ವಾರದಲ್ಲಿ ಇಳಿಯುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ನಾನು ತಡೆದುಕೊಂಡೆ. ತಡೆದುಕೊಂಡೆ ಅಂದರೆ ಅಷ್ಟು ಸುಲಭ ಅಂತಲ್ಲ. ಹಜಾರದ ದೊಡ್ಡ ಕನ್ನಡಿಯ ಮೇಲೆ ಮಗಳ ಶಾಲೆಯ ಭೂಪಟ ಅಂಟಿಸಿದೆ. ಅತಿಥಿಗಳು ಇದೇನು ಅಂತ ಕೇಳುತ್ತಿದ್ದರು. ಮಗಳು ಪಾಠ ಕಲಿಯೋಕೆ ಅನ್ನುತ್ತಿದ್ದೆ. ಆ ವರ್ಷ ಅವಳಿಗೆ ರಾಜಧಾನಿಗಳೆಲ್ಲ ಬಾಯಿಪಾಠ.

ತೂಕದ ಕಥೆ ಬೇರೆ. ಬೇರೆಯವರ ಮನೆಯಲ್ಲಿ ಬಚ್ಚಲಿನಲ್ಲಿ ಪುಟ್ಟ ತೂಕದ ಮಿಷನ್ ಇರಬಹುದು. ನಾನು ನಿಲ್ಲುತ್ತಿದ್ದದ್ದು ಗೋದಾಮಿನಲ್ಲಿ ಕಾಫಿ ಮೂಟೆ ತೂಗುವ ಮಿಷನ್ ಮೇಲೆ. ದಿನಕ್ಕೆ ಎಷ್ಟು ಸಲ ಅಂತ ಹೇಳೋಕೆ ನಾಚಿಕೆ. ಕೊಯ್ದ ಹಣ್ಣು ತೂಗೋಕೆ ಸಾಲು ನಿಂತಿರುತ್ತಿದ್ದರು, ನಾನು ಅದಕ್ಕೂ ಮೊದಲು ನುಸುಳಿ ಹೋಗಿ ನಿಂತು ಬರುತ್ತಿದ್ದೆ. ಇವರು ಗೋದಾಮಿಗೆ ಬೀಗ ಹಾಕಿ ಕೀಲಿಯನ್ನು ರೈಟರ್ ಸೊಂಟಕ್ಕೆ ಕಟ್ಟಿಬಿಟ್ಟರು. ಕಾರಣ ಹೇಳಲಿಲ್ಲ. ಕಾಳುಮೆಣಸು ಕಳುವಾಗ್ತಿದೆ ಅಂತ ಸುದ್ದಿ ಹಬ್ಬಿಸಿದರು. ಪಾಪ, ಸುಮ್ನೆ ಕೆಲಸದವರು ಇರುವ ಲೈನ್‌ಮನೆಯವರೆಲ್ಲ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವ ಹಾಗಾಯಿತು. ಕೊನೆಗೆ ನಾನೇ ಹೋಗಿ, ಕಳುವಾಗಿಲ್ಲ, ಲೆಕ್ಕ ತಪ್ಪಿತ್ತು ಅಂದೆ. ಮೈಸೂರಿನಲ್ಲಿ ವಾರಕ್ಕೊಮ್ಮೆ ತೂಗುತ್ತಿದ್ದರು. ಮೊದಮೊದಲು ನಾನು ಬೆನ್ನು ಹಾಕಿ ನಿಲ್ಲುತ್ತಿದ್ದೆ. ಆಮೇಲಾಮೇಲೆ ಮೇಡಂ ಜೊತೆ ಕೂತು ನೋಡುವ ಹಾಗಾಯಿತು. ಒಂದು ವಾರದ ಅಂಕಿಗೆ ಅರ್ಥ ಇಲ್ಲ, ತಿಂಗಳಿನದ್ದು ನೋಡಬೇಕು ಅಂತ ಅವರು ಹೇಳುತ್ತಿದ್ದರು. ಕಾಫಿ ರೇಟಿನ ಬಗ್ಗೆ ಮಾವ ಹೇಳುತ್ತಿದ್ದದ್ದೂ ಅದನ್ನೇ.

ಭಾನುವಾರ ಗಂಟೆ ಇಲ್ಲ. ಇದು ನನಗೆ ಹೊಳೆದಿರಲಿಲ್ಲ. ಮೂರು ಭಾನುವಾರ ಸತತ ಎಡವಿದೆ. ಹತ್ತೂವರೆ ತಪ್ಪುತ್ತಿತ್ತು, ಅದರ ಹಿಂದೆ ಊಟ, ರಾತ್ರಿಗೆ ಮತ್ತೆ ಬೆಕ್ಕು. ನಾಲ್ಕನೇ ಭಾನುವಾರ ಹತ್ತೂವರೆಗೆ ಢಣ ಢಣ ಅಂತ ಶುರುವಾಯಿತು. ಅತ್ತೆ, ನೈಟಿ ಮೇಲೆ ಟವೆಲ್ ಹೊದ್ದುಕೊಂಡು, ಹಲಸಿನ ಮರದ ಕೆಳಗೆ ನಿಂತು ಬಾರಿಸುತ್ತಿದ್ದಾರೆ. ನಾಯಿಗಳೆಲ್ಲ ಬೊಗಳಿದವು. ಲೈನ್‌ಮನೆಯಿಂದ ಆನೆ ಬಂತಾ ಅಂತ ಜನ ಓಡಿ ಬಂದರು. "ಏನಿಲ್ಲ ಏನಿಲ್ಲ, ಟೀ ಕುಡೀರಿ" ಅಂದರು ಅತ್ತೆ. ಅಂದಿನಿಂದ ಭಾನುವಾರ ನಮ್ಮ ತೋಟದಲ್ಲಿ ಒಂದೇ ಒಂದು ಗಂಟೆ ಹೊಡೆಯುತ್ತದೆ. ಅದು ಯಾಕೆ ಅಂತ ಈಗ ಯಾರೂ ಕೇಳಲ್ಲ.

ಬಟ್ಟೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಿಗಿಯಾದ ರವಿಕೆಗಳನ್ನೆಲ್ಲ ತೆಗೆದುಹಾಕಿದೆ. "ಮತ್ತೆ ಆಗುತ್ತೆ" ಅಂತ ಇಟ್ಟುಕೊಂಡ ಬಟ್ಟೆ ಬೀರುವಿನಲ್ಲಿ ಕೂತು ದಿನಾ ಮಾತಾಡುತ್ತೆ. ಟೈಲರ್‌ಗೆ ಅಳತೆ ಕೊಡುವಾಗ ಅಂಕಿ ಜೋರಾಗಿ ಹೇಳಬೇಡಿ, ಸುಮ್ನೆ ಬರ್ಕೊಳ್ಳಿ ಅಂದೆ. ಅವರು ಅದನ್ನು ನಾಚಿಕೆ ಅಂದುಕೊಂಡರು.

ಜನರ ಮಾತಿಗೆ ಮಾತ್ರ ಬೀಗ ಹಾಕೋಕೆ ಆಗಲ್ಲ. ನಮ್ಮ ಕಡೆ ಯಾರನ್ನಾದರೂ ನೋಡಿದ ಕೂಡಲೇ ಹೇಗಿದೀರಿ ಅನ್ನಲ್ಲ, "ಸಣ್ಣ ಆಗಿದೀರಲ್ಲ" ಅಥವಾ "ದಪ್ಪ ಆಗಿದೀರಲ್ಲ" ಅನ್ನುತ್ತಾರೆ. ಅದೇ ನಮಸ್ಕಾರ. ನಾನು ಸುಧಾರಿಸಿಕೊಳ್ಳುತ್ತಿದ್ದಾಗ ಅತಿ ಕಷ್ಟ ಕೊಟ್ಟಿದ್ದು ಬೈಗುಳ ಅಲ್ಲ, ಪ್ರೀತಿಯ ಮಾತು. ಪುತ್ತರಿ ಹಬ್ಬದ ಸಮಯದಲ್ಲಿ ನನ್ನ ಚಿಕ್ಕಮ್ಮ ಗಲ್ಲ ಹಿಡಿದು, "ಈಗ ನೋಡು, ಮೈ ಕೈ ತುಂಬ್ಕೊಂಡು ಲಕ್ಷಣವಾಗಿದೀಯ" ಅಂದರು. ಅವರ ಕಣ್ಣಲ್ಲಿ ನೀರೇ ಇತ್ತು. ನನ್ನ ಕಿವಿಗೆ ಬಿದ್ದಿದ್ದು "ತುಂಬ್ಕೊಂಡು" ಅನ್ನೋ ಒಂದೇ ಪದ. ಆವತ್ತು ರಾತ್ರಿ ಊಟ ಇಳಿಯಲಿಲ್ಲ. ಮರುದಿನ ಫೋನ್ ಮಾಡಿ, "ಚಿಕ್ಕಮ್ಮ, ನೀವು ಬೇಜಾರು ಮಾಡ್ಕೋಬೇಡಿ, ನನ್ನ ಮೈ ಬಗ್ಗೆ ಒಳ್ಳೇದು ಕೆಟ್ಟದ್ದು ಎರಡೂ ಬೇಡ, ಮಗಳ ಬಗ್ಗೆ ಕೇಳಿ" ಅಂದೆ. ಅವರು ಬೇಜಾರು ಮಾಡಿಕೊಂಡರು. ಎರಡು ತಿಂಗಳು ಮಾತಾಡಲಿಲ್ಲ. ಆಮೇಲೆ ಬಂದಾಗ ಮಗಳ ಬಗ್ಗೆಯೇ ಕೇಳಿದರು.

ಇದಕ್ಕಿಂತ ಮುಂಚೆ, ಮೊದಲ ವರ್ಷದ ಜೂನ್‌ನಲ್ಲಿ, ಜೋರಾಗಿ ಬಿದ್ದೆ. ಮೇ ತಿಂಗಳಲ್ಲಿ ಹೋಂಸ್ಟೇ ತುಂಬಿತ್ತು, ಒಂದು ದಿನವೂ ಖಾಲಿ ಇಲ್ಲ. ಬಡಿಸುವ ಗಡಿಬಿಡಿಯಲ್ಲಿ ಹತ್ತೂವರೆಯೂ ನಾಲ್ಕೂ ಜಾರಿದವು. ಅದರ ಬೆನ್ನಿಗೇ ಮಳೆ. ನಮ್ಮ ಕಡೆ ಮಳೆ ಅಂದರೆ ಮಳೆ. ಮರ ಬಿದ್ದು ಕರೆಂಟ್ ಹೋಯಿತು, ಮೈಸೂರಿಗೆ ಹೋಗೋದು ತಪ್ಪಿತು, ಅತ್ತೆ ತವರಿಗೆ ಹೋಗಿದ್ದವರು ಅಲ್ಲೇ ಉಳಿದರು. ಮಳೆಯಲ್ಲಿ ಕೆಲಸ ಇಲ್ಲ, ಗಂಟೆಯೂ ಇಲ್ಲ. ಒಂಬತ್ತು ದಿನ ಹಳೇ ಹಾದಿಯಲ್ಲಿ ನಡೆದೆ. ಹತ್ತನೇ ರಾತ್ರಿ ಎರಡು ಗಂಟೆಗೆ, ಅಡುಗೆಮನೆಯ ನೆಲದಲ್ಲಿ ಕೂತಿದ್ದವಳು ಎದ್ದು, ಫ್ರಿಜ್ ಮೇಲೆ ಅಂಟಿಸಿದ್ದ 14416ಕ್ಕೆ ಫೋನ್ ಮಾಡಿದೆ. ಟೆಲಿ ಮನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ರಾತ್ರಿಯೂ ತೆಗೆಯುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನೆಟ್‌ವರ್ಕ್ ಮಾತ್ರ ನಾವೇ ಹುಡುಕಿಕೊಳ್ಳಬೇಕು. ನಮ್ಮ ಮನೆಯಲ್ಲಿ ಅದು ಸಿಗೋದು ನೀರೊಲೆಯ ಪಕ್ಕದ ಕಿಟಕಿಯಲ್ಲಿ. ಅಲ್ಲಿ ನಿಂತು ಮಾತಾಡಿದೆ. ಆ ಕಡೆಯ ಹುಡುಗಿ ದೊಡ್ಡ ಬುದ್ಧಿಮಾತು ಏನೂ ಹೇಳಲಿಲ್ಲ. ಎದೆ ಡವಗುಟ್ಟುತ್ತಾ, ಕೈಕಾಲು ಸೆಳೆತ ಇದೆಯಾ ಅಂತ ಕೇಳಿದಳು, ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ ಅಂದಳು. ಆಮೇಲೆ ಕೇಳಿದಳು, "ನಾಳೆ ಬೆಳಿಗ್ಗೆ ಎಂಟಕ್ಕೆ ಏನ್ ತಿಂತೀರಿ? ಈಗಲೇ ಹೇಳಿ." ರೊಟ್ಟಿ ಅಂದೆ. "ಜೊತೆಗೆ?" ಅಂದಳು. ತುಂಬಾ ಯೋಚಿಸಿ, ತುಪ್ಪ ಅಂದೆ.

ಆ ತುಪ್ಪದ ರೊಟ್ಟಿಯನ್ನು ಈಗಲೂ ಕಣ್ಣೆದುರು ನೋಡಬಲ್ಲೆ. ಹಂಚಿನಿಂದ ತೆಗೆದು ಕೆಂಡದ ಮೇಲೆ ಇಟ್ಟಾಗ ಉಸ್ ಅಂತ ಉಬ್ಬಿತು. ತಟ್ಟೆಗೆ ಹಾಕಿದ ಮೇಲೆ ಮೆಲ್ಲಗೆ ಕುಸಿಯಿತು. ಅಂಚಿನಲ್ಲಿ ಎರಡು ಕಡೆ ಕಪ್ಪು ಚುಕ್ಕೆ. ತುಪ್ಪ ಮಧ್ಯದ ಗುಂಡಿಯಲ್ಲಿ ನಿಂತಿತ್ತು, ತಟ್ಟೆ ಅಲುಗಾಡಿದ ಹಾಗೆ ಅದೂ ಅಲುಗುತ್ತಿತ್ತು. ನನ್ನ ಕೈ ನಡುಗುತ್ತಿತ್ತು ಅಂತ ಕಾಣುತ್ತೆ. ಆರು ವರ್ಷ ನೂರಾರು ಜನರಿಗೆ ಇದೇ ರೊಟ್ಟಿ ಹಾಕಿದ್ದೇನೆ, ತುಪ್ಪದ ಜೊತೆ ಅಂಚು ಹೇಗೆ ಕರುಂ ಅನ್ನುತ್ತೆ ಅಂತ ನನಗೇ ಗೊತ್ತಿರಲಿಲ್ಲ. ಉಪ್ಪು ಸ್ವಲ್ಪ ಕಡಿಮೆ ಇತ್ತು. ಅದನ್ನೂ ಯಾರೂ ಹೇಳಿರಲಿಲ್ಲ.

ಈಗ ಉಪ್ಪು ನಾನೇ ನೋಡುತ್ತೇನೆ. ಅಡುಗೆ ಮಾಡುವ ಆಸೆ ಸ್ವಲ್ಪ ಕಡಿಮೆಯಾಗಿದೆ, ನಿಜ ಹೇಳಬೇಕೆಂದರೆ. ಮೂರು ನೋಟ್‌ಬುಕ್‌ಗಳಲ್ಲಿ ಎರಡನ್ನು ಒಲೆಗೆ ಹಾಕಿದೆ. ಒಂದನ್ನು ಇಟ್ಟುಕೊಂಡಿದ್ದೇನೆ. ಹೊಟ್ಟೆ ತುಂಬಿದ ಮೇಲೂ ಮಾಡಬೇಕು ಅನ್ನಿಸಿದ್ದು ಅದರಲ್ಲಿ ಹದಿನೈದಿಪ್ಪತ್ತು ಇವೆ. ಅವು ನನ್ನವು.

ಆಟಿ ಪಾಯಸದ ವಿಷಯ ಹೇಳಲೇಬೇಕು. ಮಳೆಗಾಲದ ನಡುವೆ, ಆಗಸ್ಟ್ 3ರ ಹೊತ್ತಿಗೆ, ಕೊಡವರು ಕಕ್ಕಡ ಹದಿನೆಂಟು ಅಂತಾರೆ, ನಮ್ಮಲ್ಲಿ ಆಟಿ ತಿಂಗಳ ಹದಿನೆಂಟು. ಆವತ್ತು ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತೆ ಅಂತ ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡು ನೇರಳೆ. ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿ ಹಾಕಿ ಪಾಯಸ. ಈ ಪಾಯಸದ ತಮಾಷೆ ಏನೆಂದರೆ, ತಿಂದವರಿಗೆ ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತೆ. ಮದ್ದು ಮೈಗೆ ಹಿಡಿದಿದೆ ಅಂತ ಅದರ ಲೆಕ್ಕ. ನಮ್ಮನೆಯಲ್ಲಿ ಬೆಳಿಗ್ಗೆ ಅತ್ತೆ ಬಚ್ಚಲಿನ ಬಾಗಿಲಲ್ಲಿ ನಿಂತು ಚಿಕ್ಕವರು ದೊಡ್ಡವರು ಅನ್ನದೆ ಎಲ್ಲರನ್ನೂ ಕೇಳುತ್ತಾರೆ, "ಬಂತಾ?" ಆರು ವರ್ಷ ನಾನು ಪಾಯಸವನ್ನು ನಾಯಿಗೆ ಹಾಕಿ, ಬೆಳಿಗ್ಗೆ "ಬಂತು" ಅಂದಿದ್ದೆ. ಪಾಪ, ಆ ನಾಯಿ.

ಚಿಕಿತ್ಸೆ ಶುರುವಾದ ವರ್ಷ, ಜೂನ್‌ನಲ್ಲಿ ಬಿದ್ದು ಎದ್ದ ಮೇಲೆ, ಪಾಯಸದ ಬಟ್ಟಲು ಹಿಡಿದು ಕೂತೆ.‌ ಆಗಲಿಲ್ಲ. ಬೆಲ್ಲದ ಸಿಹಿ, ಅಷ್ಟು ಕಪ್ಪು ಬಣ್ಣ. ವಾಪಸ್ ಇಟ್ಟೆ. ಬೆಳಿಗ್ಗೆ ಅತ್ತೆ ಕೇಳಿದಾಗ, "ಇಲ್ಲ ಅತ್ತೆ, ತಿನ್ನಲಿಲ್ಲ" ಅಂದೆ. "ಹ್ಞೂಂ" ಅಂದರು. ಅಷ್ಟೇ.

ಈ ವರ್ಷ ಅದೇ ಜಗಲಿಯಲ್ಲಿ ಕೂತು ತಿಂದೆ. ಅರ್ಧ ಬಟ್ಟಲು. ಹೊರಗೆ ಮಳೆ ಹೊಯ್ಯುತ್ತಿತ್ತು, ಅತ್ತೆಯ ತವರಿನ ಆಸ್ತಿ ಕೋರ್ಟಿನ ತನಕ ಹೋಗಿತ್ತು. ನನ್ನ ಹಲ್ಲೆಲ್ಲ ನೇರಳೆ ಆಗಿದೆ ಅಂತ ಮಗಳು ನಕ್ಕಳು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ, ಅದನ್ನೂ ಹೇಳಬೇಕು. ಎರಡು ಸಲ ಎದ್ದು ಅಡುಗೆಮನೆ ಬಾಗಿಲ ತನಕ ಹೋಗಿ ವಾಪಸ್ ಬಂದೆ.

ಬೆಳಿಗ್ಗೆ ಬಚ್ಚಲಿನಿಂದ ಹೊರಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ.

"ಬಂತಾ?"

"ಬಂತು."

ಅವರು ನನ್ನ ಮುಖ ಒಂದು ಗಳಿಗೆ ನೋಡಿದರು. "ಸರಿ, ನಡಿ. ಎಂಟಾಯ್ತು, ರೊಟ್ಟಿ ಆರ್ತಾ ಇದೆ."